ಹವಳದ ಗೋಡೆಗೆ ಇಳಿದ ಶೇಖವ್ವ

ಹಿರೇಬೆಂಡಿಗೇರಿಯಲ್ಲಿ ಯಾರ ಕೊಡ ಬಾವಿಗೆ ಬಿದ್ದರೂ ಜನ ಮೊದಲು ಹುಡುಕುತ್ತಿದ್ದದ್ದು ಪಾತಾಳಗರಡಿಯನ್ನಲ್ಲ, ಶೇಖವ್ವನನ್ನು. ಸೀರೆಯನ್ನು ಕಚ್ಚೆ ಹಾಕಿ ಬಿಗಿದು ಆಕೆ ಮುಳುಗಿದಳೆಂದರೆ ದಂಡೆಯ ಮೇಲಿನವರು ಒಂದು ಸುದ್ದಿ ಮುಗಿಸಿ ಇನ್ನೊಂದನ್ನು ಎತ್ತಿಕೊಳ್ಳುವ ತನಕ ತಲೆ ತೋರಿಸುತ್ತಿರಲಿಲ್ಲ. ಪರವೂರಿನವರು ಗಾಬರಿಯಾಗುತ್ತಿದ್ದರು, ಊರವರು ಎಲೆ ಅಡಿಕೆ ಮೆಲ್ಲುತ್ತ ಕೂತಿರುತ್ತಿದ್ದರು. ಉಸಿರು ಕಟ್ಟುವುದರಲ್ಲಿ ತನ್ನ ಮಗಳ ಸರಿಸಮ ಹಾನಗಲ್ಲಿನಿಂದ ಸವಣೂರಿನ ತನಕ ಯಾರೂ ಇಲ್ಲವೆಂದು ಅವಳ ಅವ್ವ ಹುಚ್ಚವ್ವ ಕೇಳದವರಿಗೂ ಹೇಳುತ್ತಿದ್ದಳು.

ಇಂಥವಳಿಗೆ ಗಂಡನೂ ನೀರಿನವನೇ ಸಿಕ್ಕ. ತಡಸದ ಶಿದ್ಲಿಂಗಪ್ಪನನ್ನು ಹುಲಗೂರಿನ ಜಮಾಲಸಾಬ ಎಂಬುವನು ಮುಂಬಯಿ ಬಂದರಿಗೆ ಕರಕೊಂಡು ಹೋಗಿದ್ದ. ಅಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಕಡಲಿನೊಳಗೆ ಇಳಿಯುವ ಕೆಲಸ ಕಲಿತ ಶಿದ್ಲಿಂಗಪ್ಪನಿಗೆ ಸರಕಾರದ ಮೀನುಗಾರಿಕೆಯವರು ನೌಕರಿ ಕೊಟ್ಟರು. ಮದುವೆಯಾದ ವರ್ಷವೇ, ಅಂದರೆ ಅರವತ್ಮೂರರಲ್ಲಿ, ಕೋಳಿಕೋಡಿನಿಂದ ಹಡಗಿನಲ್ಲಿ ಹೋಗಬೇಕಾದ ಒಂದು ಸಣ್ಣ ದ್ವೀಪಕ್ಕೆ ಅವನ ವರ್ಗವಾಯಿತು. ಶೇಖವ್ವ ರೊಟ್ಟಿಯ ಬುತ್ತಿ ಕಟ್ಟಿಕೊಂಡು ಜೊತೆಗೆ ಹೊರಟಳು. ಶಿಗ್ಗಾಂವಿಯಲ್ಲಿ ಬಸ್ಸು ಹತ್ತಿಸುವಾಗ ಹುಚ್ಚವ್ವ ಅಳಲಿಲ್ಲ. ಕಡಲಿನ ನೀರು ಉಪ್ಪಂತ, ಕಣ್ಣು ಜ್ವಾಕಿ ಅಂದಳು, ಅಷ್ಟೇ.

ಆ ದ್ವೀಪದ ಸುತ್ತ ಹವಳದ ದಿಬ್ಬ. ಒಳಗಡೆ ಎದೆಮಟ್ಟದ ತಿಳಿನೀರು. ದಿಬ್ಬ ದಾಟಿದರೆ ಹವಳವೇ ಗೋಡೆಯಾಗಿ ಸರ್ರನೆ ಕೆಳಗಿಳಿದು ಕಪ್ಪು ನೀಲಿಯಲ್ಲಿ ಕಾಣದಾಗುತ್ತಿತ್ತು. ಮೊದಲು ಜನ ಮನೆ ಕಟ್ಟಲು ಅದನ್ನೇ ಕಡಿದು ತರುತ್ತಿದ್ದರಂತೆ. ಕಡಿದಲ್ಲೆಲ್ಲ ಮೀನು ಬರುವುದು ನಿಂತಿತು. ಆಮೇಲೆ ದ್ವೀಪದ ಹಿರಿಯರೂ ಸರಕಾರದವರೂ ಕೂತು ಮಾತಾಡಿ ಪಡುವಣದ ಗೋಡೆಗೆ ಕಟ್ಟು ಹಾಕಿದ್ದರು. ಅಲ್ಲಿ ಕಲ್ಲು ಕಡಿಯುವಂತಿಲ್ಲ, ಬಲೆ ಬೀಸುವಂತಿಲ್ಲ. ವರ್ಷಕ್ಕೊಮ್ಮೆ ಇಳಿದು ಗೋಡೆ ಎಲ್ಲಿ ಬೆಳೆದಿದೆ, ಎಲ್ಲಿ ಸತ್ತಿದೆ ಎಂದು ನೋಡಿ ಬರುವುದು ಶಿದ್ಲಿಂಗಪ್ಪನ ಕೆಲಸ. ದೋಣಿ ನಡೆಸುವವನು ಅದೇ ಜಮಾಲಸಾಬ, ಅವನೂ ಅಷ್ಟರಲ್ಲಿ ಇದೇ ಇಲಾಖೆ ಸೇರಿದ್ದ.

ಒಬ್ಬನೇ ಇಳಿಯಬಾರದೆಂಬ ಕಾಯಿದೆ ಇತ್ತು. ಜೊತೆಗಾರ ಕಿವಿ ನೋವಾಗಿ ಊರಿಗೆ ಹೋದವನು ತಿರುಗಿ ಬರಲಿಲ್ಲ. ಮಳೆಗಾಲ ಹತ್ತಿರ ಬರುತ್ತಿತ್ತು. ತಾನೇ ಇಳಿಯುತ್ತೇನೆಂದು ಶೇಖವ್ವ ಅಂದಾಗ ಶಿದ್ಲಿಂಗಪ್ಪ ನಗಲಿಲ್ಲ. ಅವಳು ಬಾವಿಯಿಂದ ಕೊಡ ತೆಗೆದದ್ದನ್ನು ಅವನೇ ನೋಡಿದ್ದ. ಇಲಾಖೆಯ ಸಾಹೇಬರನ್ನು ಕೇಳಿದ. ಪೂರ್ತಿ ಕಲಿತ ಮೇಲೆ ತಾವೇ ನೋಡಿ ಹೇಳುತ್ತೇವೆ ಎಂದರು ಅವರು.

ಕಲಿಯುವಾಗ ತೊಡಕಾದದ್ದು ಅವಳ ಹೆಮ್ಮೆಯ ವಿದ್ಯೆಯೇ. ನೀರಿಗಿಳಿದ ಕೂಡಲೆ ಉಸಿರು ಕಟ್ಟುವುದು ಅವಳಿಗೆ ಎಳೆತನದ ರೂಢಿ. ಸಿಲಿಂಡರಿನ ಗಾಳಿಗೆ ಅದು ಒಗ್ಗುವುದಿಲ್ಲ. ಆಳದಲ್ಲಿ ಎಳೆದುಕೊಂಡ ಗಾಳಿ ಮೇಲೇರುತ್ತ ಎದೆಯಲ್ಲಿ ಉಬ್ಬುತ್ತದೆ, ಬಿಡದೆ ಹಿಡಿದರೆ ಪುಪ್ಪುಸ ಹರಿಯುತ್ತದೆ.

"ಬಾವ್ಯಾಗ ಉಸಿರು ಹಿಡದಾಕಿ ಬದುಕ್ತಾಳ," ಅಂದ ಶಿದ್ಲಿಂಗಪ್ಪ. "ಇಲ್ಲಿ ಬಿಟ್ಟಾಕಿ ಬದುಕ್ತಾಳ. ಮ್ಯಾಲ ಬರೂವಾಗ ಬಿಡಕೋತನ ಬರಬೇಕು."

ಅವಳು ಮರೆತಾಗಲೆಲ್ಲ ಅವನು ನೀರಿನೊಳಗೇ ಹೊಟ್ಟೆಗೆ ಮುಷ್ಟಿಯಿಂದ ಒತ್ತುತ್ತಿದ್ದ, ಗಾಳಿ ಬುಳುಬುಳು ಹೊರಬೀಳುತ್ತಿತ್ತು. ದಿನ ಹೋದಂತೆ ಒತ್ತುವ ಕೆಲಸ ಬೀಳದಾಯಿತು. ಸಿಲಿಂಡರಿನಿಂದ ಬಾಯಿಗೆ ಬರುವ ಒಂದೇ ಕೊಳವೆಯಲ್ಲಿ ಇಬ್ಬರೂ ಸರದಿಯಂತೆ ಉಸಿರಾಡುವುದನ್ನೂ ಕಲಿತಳು. ಸಾಹೇಬರು ಬಂದು ಮೂರು ಸಲ ಇಳಿಸಿ ನೋಡಿ ಒಪ್ಪಿಗೆ ಕೊಟ್ಟರು.

ಇಳಿದ ದಿನ ಕಡಲು ಎಣ್ಣೆ ಸುರಿದಂತೆ ಇತ್ತು. ಜಮಾಲಸಾಬ ದೋಣಿಯನ್ನು ದಿಬ್ಬದಾಚೆ ತಂದು ನಿಲ್ಲಿಸಿ, "ಅವಸರ ಮಾಡಬ್ಯಾಡವಾ ತಂಗಿ, ಕಡಲು ಎಲ್ಲಿಗೂ ಓಡಿಹೋಗಂಗಿಲ್ಲ," ಅಂದ. ಗಂಡಹೆಂಡತಿ ಗೋಡೆಗುಂಟ ಇಳಿದರು. ಶೇಖವ್ವ ಸುತ್ತ ನೋಡಲಿಲ್ಲ. ಕಲಿತದ್ದನ್ನು ಒಂದೂ ತಪ್ಪದೆ ಮಾಡುವುದರಲ್ಲೇ ಮನಸ್ಸಿತ್ತು.

ಆಳದಲ್ಲಿ ಗೋಡೆಯೊಳಗೆ ಒಂದು ಗವಿ. ಅದರೊಳಗೆ ಹವಳ ಸತ್ತಿದೆಯೇ ಎಂದು ಶಿದ್ಲಿಂಗಪ್ಪ ಬಗ್ಗಿ ನೋಡಿ ಹಿಂದೆ ಸರಿಯುವಾಗ ಅವನ ರಬ್ಬರಿನ ಕೊಳವೆ ಹವಳದ ಅಂಚಿಗೆ ಸಿಕ್ಕು ಹರಿಯಿತು. ಗಾಳಿಯ ಬದಲು ಬಾಯಿಗೆ ಉಪ್ಪುನೀರು ನುಗ್ಗಿತು. ಎಷ್ಟು ವರ್ಷ ನೀರಿನಲ್ಲಿ ದುಡಿದರೂ ಆ ಗಳಿಗೆಯಲ್ಲಿ ಮನುಷ್ಯ ಮನುಷ್ಯನೇ. ಅವನು ಕೈಕಾಲು ಬಡಿದು ಒಮ್ಮೆಲೇ ಮೇಲೆ ಹಾರಲು ನೋಡಿದ.

ಶೇಖವ್ವ ಅವನ ಸೊಂಟದ ಪಟ್ಟಿಗೆ ಕೈ ಹಾಕಿ ಹಿಡಿದಳು. ತನ್ನ ಬಾಯಿಯಿಂದ ಕೊಳವೆ ತೆಗೆದು ತಲೆಯ ಮೇಲಕ್ಕೆ ಎತ್ತಿದಳು. ಗಾಳಿ ಭುಸುಗುಟ್ಟಿ ಒಳಗಿನ ನೀರು ಹೋಯಿತು. ಅದನ್ನು ಅವನ ಬಾಯಿಗಿಟ್ಟಳು. ಅವನು ಹಸಿದ ಕರು ಮೊಲೆಗೆ ಬಾಯಿ ಹಾಕಿದಂತೆ ಎಳೆದ, ಮತ್ತೆ ಎಳೆದ, ಸರದಿಯನ್ನೇ ಮರೆತ. ಅವಳಿಗೆ ಸಿಟ್ಟೂ ಬರಲಿಲ್ಲ, ಹೆದರಿಕೆಯೂ ಆಗಲಿಲ್ಲ. ಮೇಲೇರದೆ ಇದ್ದಲ್ಲೇ ಇರುವ ತನಕ ಉಸಿರು ಹಿಡಿದರೆ ಕೇಡಿಲ್ಲವೆಂದು ಅವಳಿಗೆ ಗೊತ್ತಿತ್ತು. ಅವನ ಕಣ್ಣಿಗೆ ಕಣ್ಣಿಟ್ಟು ಕಾದಳು. ಆ ಕಣ್ಣು ತಿಳಿಯಾದ ಮೇಲೆ ಕೊಳವೆ ತಟ್ಟಿ ಕೇಳಿದಳು. ಅವನು ಕೊಟ್ಟ.

ಹಾಗೆ ಕೊಟ್ಟು ತಗೊಂಡು ಮೇಲೇರತೊಡಗಿದರು. ಕೊಳವೆ ಬಾಯಲ್ಲಿ ಇಲ್ಲದಾಗ ಅವಳು ತುಟಿ ತುಸು ತೆರೆದು, ಗುನುಗುವವಳಂತೆ ಗುಳ್ಳೆ ಬಿಡುತ್ತಲೇ ಬಂದಳು. ಅರ್ಧ ದಾರಿಯಲ್ಲಿ ಅವನ ಬಾಯಿಂದ ಗುಳ್ಳೆ ನಿಂತದ್ದು ಕಂಡಿತು. ಕಲಿಸಿದವನೇ ಉಸಿರು ಹಿಡಿದಿದ್ದ. ಶೇಖವ್ವ ಮುಷ್ಟಿ ಕಟ್ಟಿ ಅವನ ಹೊಟ್ಟೆಗೆ ಒತ್ತಿದಳು. ಗುಳ್ಳೆಯ ಗೊಂಚಲೇ ಮೇಲಕ್ಕೆ ಹೋಯಿತು.

ಜಮಾಲಸಾಬ ಇಬ್ಬರನ್ನೂ ದೋಣಿಗೆ ಎಳೆದುಕೊಂಡ. ಶಿದ್ಲಿಂಗಪ್ಪ ನೀರು ಕಾರಿ, ಸುಧಾರಿಸಿಕೊಂಡು, ಹರಿದ ಕೊಳವೆಯನ್ನು ಕೈಯಲ್ಲಿ ತಿರುವಿ ನೋಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿ, "ನಾ ಗಾಬರ್ಯಾದೆ ಶೇಖವ್ವ," ಅಂದ.

"ಆಗಬೇಕಾದ್ದರಿ," ಅಂದಳು ಅವಳು. "ಕೊಳವಿ ಹರದದ್ದು ನಿಮ್ದು, ನಂದಲ್ಲ. ನಂದು ಹರದಿದ್ರ ನಾನೂ ಹಂಗ ಹಾರತಿದ್ದೆ."

ಜಮಾಲಸಾಬನಿಗೆ ಅದು ಸುಳ್ಳೆನಿಸಿತು. ಅವನು ದಂಡೆಯ ಕಡೆಗೆ ಹುಟ್ಟು ಹಾಕಿದ.

ಸುದ್ದಿ ಕೇಳಿದ ಸಾಹೇಬರು ಇಬ್ಬರನ್ನೂ ಡಾಕ್ಟರಿಗೆ ತೋರಿಸಿ, ಈ ವರ್ಷದ ಕೆಲಸ ಇಷ್ಟಕ್ಕೇ ಬಿಡೋಣ ಎಂದರು. ಗೋಡೆ ಅರ್ಧ ಉಳಿದಿದೆ, ಮಳೆ ಇನ್ನೂ ಬಂದಿಲ್ಲ ಎಂದಳು ಶೇಖವ್ವ. ಡಾಕ್ಟರು ಅಡ್ಡಿಯಿಲ್ಲವೆಂದ ಮೇಲೆ, ಕೊಳವೆಗಳನ್ನು ಹೊಸದಾಗಿ ಬದಲಿಸಿ, ಸಾಹೇಬರೂ ದೋಣಿಯಲ್ಲಿ ಕೂತು, ಮತ್ತೆ ಹೋದರು. ಈ ಸಲ ಮುಂದೆ ಇಳಿದವಳು ಅವಳು, ಹಿಂದೆ ಅವನು.

ಈ ಸಲ ಅವಳು ಗೋಡೆಯನ್ನು ಕಣ್ಣು ತುಂಬ ನೋಡಿದಳು. ಸವಣೂರಿನ ವೀಳ್ಯದೆಲೆಯ ಪೆಂಡಿ ಬಿಚ್ಚಿ ಹರಡಿದಂತೆ ಒಂದರ ಮೇಲೊಂದು ಹವಳದ ಪದರು. ಅದರಾಚೆ ಒಣಹಾಕಿದ ಮೆಣಸಿನಕಾಯಿಯಂಥ ಕೆಂಪು ಟೊಂಗೆ. ಹಳದಿ ಮೀನಿನ ಹಿಂಡು ಅವಳನ್ನು ಬಳಸಿ ಹೋಯಿತು, ಕುಸುಬೆಯ ಹೊಲವೇ ನಡೆದಂತೆ. ಗವಿಯಲ್ಲಿ ಹವಳ ಸತ್ತಿರಲಿಲ್ಲ. ಹಿಂದೆ ಕಡಿದ ಗಾಯದ ಮೇಲೂ ಬೆರಳುದ್ದ ಹೊಸ ಚಿಗುರು ಎದ್ದಿತ್ತು. ಶೇಖವ್ವ ಅದನ್ನು ಮುಟ್ಟಲಿಲ್ಲ, ಗಂಡನಿಗೆ ಕೈ ಮಾಡಿ ತೋರಿಸಿದಳು.

ಮೇಲೆ ಬಂದು ಸಾಹೇಬರಿಗೆ ಕಂಡದ್ದನ್ನೆಲ್ಲ ಹೇಳಿದರು. ಕಟ್ಟು ಇನ್ನೂ ಮುಂದುವರಿಯಲಿ ಎಂದು ದಂಡೆಯಲ್ಲಿ ಕಾದಿದ್ದ ದ್ವೀಪದ ಹಿರಿಯರು ಸಂತೋಷದಿಂದ ಒಪ್ಪಿದರು. ಬೇರೆ ಜೊತೆಗಾರನನ್ನು ಕಳಿಸಲೇ ಎಂದು ಸಾಹೇಬರು ಕೇಳಿದಾಗ ಶಿದ್ಲಿಂಗಪ್ಪ ಬೇಡವೆಂದ. ಶೇಖವ್ವ ಕೂದಲು ಹಿಂಡಿಕೊಳ್ಳುತ್ತ, ಮೂಡಣದ ಕಡೆ ನೀರು ಹೇಗಿದೆ ಎಂದು ಜಮಾಲಸಾಬನನ್ನು ವಿಚಾರಿಸುತ್ತಿದ್ದಳು.