ಬಾಗಿಲಾಚೆಯ ದನಿ

ಜನರನ್ನು ಹೆದರಿಸುವುದೇ ಅವನ ಹೊಟ್ಟೆಪಾಡು. ದೆವ್ವದ ಸಿನಿಮಾಗಳಿಗೆ ಸದ್ದು ಕೂಡಿಸುವ ಕೆಲಸ. ಸಂಗೀತ ಜೋರಾದರೆ ಜನ ಬೆಚ್ಚುತ್ತಾರೆ ಅಷ್ಟೇ, ದಿನಾ ಕೇಳುವ ಸದ್ದೇ ಸ್ವಲ್ಪ ಕೆಟ್ಟು ಬಂದರೆ ಬೆವರುತ್ತಾರೆ ಎನ್ನುವುದು ಅವನ ವಾದ. ಕಸುಬಿನಲ್ಲಿ ಗಟ್ಟಿಗ, ಅದರಲ್ಲಿ ಎರಡು ಮಾತಿಲ್ಲ.

ಹೊಸ ಸಿನಿಮಾ ಮಾತ್ರ ಅವನ ತಲೆ ತಿನ್ನುತ್ತಿತ್ತು. ಸತ್ತ ತಾಯಿ ಬಾಗಿಲಾಚೆಯಿಂದ ಮಗುವನ್ನು ಕರೆಯುವ ದೃಶ್ಯ. ದನಿ ಕೊಡಲು ಬಂದ ಕಲಾವಿದೆಯರು ಗಂಟಲು ಹರಿದುಕೊಂಡರೂ ನಿರ್ದೇಶಕ ಮೂತಿ ತಿರುವುತ್ತಿದ್ದ.

ಮನೆಯಲ್ಲಿ ಅಕ್ಕ ಇದ್ದಳು, ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು. ಗಂಟಲಿನ ಆಪರೇಷನ್ ಆದಮೇಲೆ ಅವಳ ದನಿ ಒಡೆದುಹೋಗಿತ್ತು. ಅಂಗಡಿಗೆ ಹೋಗಳು, ಫೋನ್ ಎತ್ತಳು. ಜೋರಾಗಿ ಓದಿ ಅಭ್ಯಾಸ ಮಾಡಿ ಎಂದಿದ್ದರು ಡಾಕ್ಟರು. ಓದಿ ಮುಗಿಸಿ ಅವಳು ತಮ್ಮನ ಮುಖ ನೋಡುವಳು. ಅವನದು ಪಳಗಿದ ಕಿವಿ, ಅವನು ಹೇಳಿದರೆ ಮುಗಿಯಿತು. ದಿನದಿನಕ್ಕೂ ತಿಳಿಯಾಗ್ತಿದೆ ಕಣಕ್ಕಾ ಎಂದು ಮಹಾಶಯ ಸಲೀಸಾಗಿ ಅಂದುಬಿಡುತ್ತಿದ್ದ. ಅದನ್ನು ನಂಬಿ ಪಾಪ, ಅವಳು ಪಕ್ಕದ ಮನೆಯವರ ಜೊತೆ ನಾಲ್ಕು ಮಾತಾಡಲು ಶುರು ಮಾಡಿದ್ದಳು.

ಒಂದು ಸಂಜೆ ಬಾಗಿಲಿನ ಕಿರುಗುಟ್ಟುವಿಕೆ ಹಿಡಿಯಲು ಅವನು ಕೋಣೆಯಲ್ಲಿ ಮೈಕ್ ಇಟ್ಟುಕೊಂಡು ಕೂತಿದ್ದ. ಆಚೆಯಿಂದ ಅಕ್ಕ, "ಬಾಗ್ಲು ತೆಗಿಯೋ ಪುಟ್ಟಾ" ಎಂದಳು. ಹೆಡ್‌ಫೋನಿನಲ್ಲಿ ಅದನ್ನು ಕೇಳಿ ಅವನ ಮೈ ಜುಮ್ಮೆಂದಿತು. ಅಳಿಸಬೇಕಿತ್ತು. ಅಳಿಸಿದನೇ? ಎಲ್ಲಿ ಬಂತು! ಸ್ವಲ್ಪ ನಿಧಾನ ಮಾಡಿ, ಆ ದೃಶ್ಯದ ಹಿಂದಿದ್ದ ಸಂಗೀತವನ್ನೆಲ್ಲ ಕಿತ್ತುಹಾಕಿ, ಬರೀ ಮೌನದ ನಡುವೆ ಆ ಕರೆಯನ್ನು ಕೂರಿಸಿದ. ನಿರ್ದೇಶಕ ತಬ್ಬಿಕೊಂಡುಬಿಟ್ಟ. ಇಷ್ಟು ಬದಲಾಯಿಸಿದ ಮೇಲೆ ಯಾರಿಗೆ ಗೊತ್ತಾದೀತು ಎಂದು ಇವನು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಮೊದಲ ಪ್ರದರ್ಶನಕ್ಕೆ ಅಕ್ಕ ತಾನೂ ಬರುತ್ತೇನೆಂದು ಹೊರಟು ನಿಂತಳು. ಬೇಡ ಎನ್ನಲು ಅವನಿಗೆ ನೆಪ ಸಿಗಲಿಲ್ಲ. ಬಾಗಿಲಿನ ದೃಶ್ಯ ಬಂತು. ಆ ಕರೆಗೆ ಇಡೀ ಚಿತ್ರಮಂದಿರ ಚೀರಿತು. ಮುಂದಿನ ಸಾಲಿನ ಹೆಂಗಸು ಕಿವಿ ಮುಚ್ಚಿಕೊಂಡಳು. ಹಿಂದೆ ಕೂತಿದ್ದ ಪಡ್ಡೆಗಳು ಅದನ್ನೇ ಗೊಗ್ಗರು ದನಿಯಲ್ಲಿ ಅಣಕಿಸಿ ನಕ್ಕರು. ಅಕ್ಕ ಅಲುಗಾಡಲಿಲ್ಲ. ಅವನಿಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಟ್ಯಾಕ್ಸಿಯಲ್ಲಿ, ತಪ್ಪಾಯಿತು, ಕಾಲಿಗೆ ಬೀಳುತ್ತೇನೆ, ನಾಳೆಯೇ ತೆಗೆಸಿಬಿಡುತ್ತೇನೆ ಎಂದು ಬಡಬಡಿಸಿದ. ಅವಳಿಗೆ ಬೇಕಿದ್ದದ್ದು ಅದಲ್ಲ.

"ಚೆನ್ನಾಗಿದೆ ಅಂತ ದಿನಾ ಅಂತಿದ್ಯಲ್ಲೋ, ನಿಂಗೂ ಹೀಗೇ ಕೇಳಿಸ್ತಿತ್ತಾ?"

ಸುಳ್ಳಾದರೂ ಹೇಳಬೇಕಿತ್ತು. ಇಷ್ಟು ದಿನ ನೀರು ಕುಡಿದಷ್ಟು ಸುಲಭವಾಗಿ ಬರುತ್ತಿದ್ದ ಸುಳ್ಳು ಆಗ ಬಾಯಿಗೆ ಬರಲಿಲ್ಲ. ಅವಳು ಕಿಟಕಿಯ ಕಡೆ ತಿರುಗಿದಳು.

ಮನೆಯ ತಿರುವು ಬಂತು. ಅಕ್ಕ ಮುಂದಕ್ಕೆ ಬಾಗಿ, ಡ್ರೈವರನ ಭುಜ ತಟ್ಟಿ, ಎಡಗಡೆಗೆ ಕೈ ತೋರಿಸಿದಳು.