ಅಮ್ಮನ ತಲೆನೋವು

ನೀಲಿ ಪ್ಲಾಸ್ಟಿಕ್ ಚೀಲ ತೊಡಿಸಿದ ಬೂಟುಗಳು, ಆಪರೇಷನ್ ಥಿಯೇಟರಿನೊಳಗೆ ಹೋಗುವವರು ಹಾಕಿಕೊಳ್ಳುವಂಥವು, ಬೇಸ್‌ಮೆಂಟಿನ ಸಿಮೆಂಟು ನೆಲದ ಮೇಲೆ ಚರಚರ ಅನ್ನುತ್ತಿವೆ, ಮನೆಗೆಲ್ಲ ಬಿಸಿಗಾಳಿ ಕೊಡುವ ಫರ್ನೇಸ್ ನೋಡಲು ಬಂದವನು ಮಂಡಿಯೂರಿ ಟಾರ್ಚ್ ಹಿಡಿದು ಒಳಗೆ ಇಣುಕುತ್ತಾನೆ, ತುಟಿ ಬಿಚ್ಚುವುದಿಲ್ಲ, ತುಟಿ ಬಿಚ್ಚದ ರಿಪೇರಿಯವನನ್ನು ಕಂಡರೆ ಜಗದೀಶನಿಗೆ ಮೈ ಉರಿಯುತ್ತದೆ — ಅಷ್ಟು ಹೊತ್ತು ನೋಡುವುದಕ್ಕೆ ಅಲ್ಲೇನಿದೆ, ಮೂರು ಚಳಿಗಾಲ ಇದನ್ನು ತಾನೇ ಬಿಚ್ಚಿ ತಾನೇ ಮುಚ್ಚಿದ್ದಾನೆ, ಫಿಲ್ಟರ್ ಬದಲಿಸಿದ್ದಾನೆ, ಉರಿ ಹತ್ತಿತೋ ಇಲ್ಲವೋ ಎಂದು ಕಾಯುವ ಸೆನ್ಸರ್ ಕಡ್ಡಿಯನ್ನು ಸ್ಟೀಲ್ ವೂಲಿನಲ್ಲಿ ಉಜ್ಜಿ ಫಳಫಳ ಮಾಡಿದ್ದಾನೆ, ವರ್ಷಕ್ಕೊಮ್ಮೆ ಸರ್ವಿಸಿನವರನ್ನು ಕರೆಸುವ ಪಕ್ಕದ ಮನೆಯವರನ್ನು ನೋಡಿ ನಕ್ಕಿದ್ದಾನೆ, ಮೆಕ್ಯಾನಿಕಲ್ ಓದಿ ಬಂದು ಮನೆಯ ಒಂದು ಒಲೆ ನೋಡಿಕೊಳ್ಳಲಾರದವನು ಯಾವ ಸೀಮೆ ಇಂಜಿನಿಯರು ಎಂದು ಹೆಂಡತಿ ಹಂಸಾಳ ಮುಂದೆ ಎಷ್ಟು ಸಲ ಕೊಚ್ಚಿಕೊಂಡಿಲ್ಲ. ಈ ಕೆಂಪು ಬಟನ್ ಎಷ್ಟು ಸಲ ಒತ್ತಿದ್ದೀರಿ ಸರ್, ಎಂದು ಕೇಳುತ್ತಾನೆ ಆತ, ಒಂದೋ ಎರಡೋ ಸಲ, ಎನ್ನುತ್ತಾನೆ ಜಗದೀಶ, ಸುಳ್ಳು, ದೀಪಾವಳಿಯಿಂದೀಚೆಗೆ ಮೂರು ದಿನಕ್ಕೊಮ್ಮೆ ಇದು ನಿಂತಿದೆ, ಮೂರು ದಿನಕ್ಕೊಮ್ಮೆ ಬಂದು ಒತ್ತಿದ್ದಾನೆ, ಒತ್ತಿದರೆ ಹೊತ್ತಿಕೊಳ್ಳುತ್ತಿತ್ತು, ಇವತ್ತು ಬೆಳಿಗ್ಗೆ ಮಾತ್ರ ಒತ್ತಿದಷ್ಟು ಸಲವೂ ಆರಿತು, ಅದಕ್ಕೇ ಈ ನೀಲಿ ಬೂಟು. ಉರಿ ಹೊರಗೆ ಚಾಚಿದರೆ ಫರ್ನೇಸನ್ನು ನಿಲ್ಲಿಸುವ ಬಟನ್ ಅದು, ಮತ್ತೆ ಮತ್ತೆ ಒತ್ತುವುದಕ್ಕಲ್ಲ, ಎಂದು ಆತ ಮೆಲ್ಲಗೆ ಹೇಳಿ ಒಮ್ಮೆ ಹೊತ್ತಿಸಿ ತೋರಿಸಿದ, ನೀಲಿ ಉರಿ ನೆಟ್ಟಗೆ ನಿಂತಿದೆ, ಫ್ಯಾನ್ ತಿರುಗಿದ್ದೇ ತಡ ಹಳದಿಗೆ ತಿರುಗಿ ಬಳುಕುತ್ತದೆ — ಇದನ್ನು ಜಗದೀಶ ನೋಡಿದ್ದ, ಫೋನಿನಲ್ಲಿ ವಿಡಿಯೋ ಮಾಡಿ ಅಮ್ಮನಿಗೂ ತೋರಿಸಿದ್ದ, ನೋಡಮ್ಮ ಹೇಗೆ ಕುಣಿಯುತ್ತೆ. ಬೆಂಕಿಯ ಕಡೆಯ ಗಾಳಿಯನ್ನೂ ಮನೆಯವರು ಉಸಿರಾಡುವ ಗಾಳಿಯನ್ನೂ ಬೇರೆಬೇರೆ ಇಡುವ ತಗಡಿನ ಗೂಡು ಬಿರುಕು ಬಿಟ್ಟಿದೆಯಂತೆ, ಅದಕ್ಕೇ ಕುಣಿತ, ಉರಿದ ಗ್ಯಾಸಿನ ವಿಷ, ಬಣ್ಣವಿಲ್ಲದ್ದು ವಾಸನೆಯಿಲ್ಲದ್ದು, ಬಿಸಿಗಾಳಿಯ ಜೊತೆ ಸೇರಿ ಮೇಲಕ್ಕೆ ಹೋಗಿದೆ, ಎಲ್ಲಕ್ಕಿಂತ ಹತ್ತಿರದ ಕೊಳವೆ ಯಾವ ಕೋಣೆಗೆ ಸರ್, ಅಲ್ಲಿ ಯಾರು ಮಲಗುತ್ತಾರೆ. ಯಾರೂ ಇಲ್ಲ, ಎಂದ ಜಗದೀಶ. ಅದು ಸುಳ್ಳಲ್ಲ, ಹದಿನೆಂಟು ದಿನದಿಂದ ಆ ಕೋಣೆಯಲ್ಲಿ ಯಾರೂ ಇಲ್ಲ.

ಯಾರೂ ಇಲ್ಲ ಯಾಕೆಂದರೆ ಅಮ್ಮನನ್ನು ವಿಮಾನ ಹತ್ತಿಸಿ ಕಳಿಸಿದ್ದಾಯಿತು, ಆರು ತಿಂಗಳಿಗೆಂದು ಬಂದ ಚನ್ನಮ್ಮನವರನ್ನು ಮೂರು ತಿಂಗಳಿಗೇ, ಟಿಕೆಟ್ ಹಿಂದಕ್ಕೆ ಹಾಕಿಸಿದ್ದು ತಾನೇ, ಈ ಕೈಯಲ್ಲೇ — ಹಣೆಗೆ ಸೀರೆಯ ಹಳೇ ತುಂಡು ಬಿಗಿದುಕೊಂಡು ಬೆಳಿಗ್ಗೆ ನಡುಮನೆಗೆ ಬರುತ್ತಿದ್ದಳು, ಆ ಕೋಣೆಯಲ್ಲಿ ಮಲಗಿದರೆ ತಲೆ ಒಡೆಯುತ್ತೆ, ಬಾಯಿಗೆ ಏನೂ ಸೇರುವುದಿಲ್ಲ, ಕಾಲಲ್ಲಿ ಶಕ್ತಿಯಿಲ್ಲ ಎನ್ನುತ್ತಿದ್ದಳು, ಚಳಿ ಅಮ್ಮ, ಎಲ್ಲರಿಗೂ ಆಗುತ್ತೆ, ನೀರು ಕುಡಿ. ಗ್ಯಾಸ್ ಏನಾದರೂ ಸೋರುತ್ತಾ ನೋಡಪ್ಪ ಎಂದು ಒಂದು ದಿನ ಕೇಳಿಯೇ ಬಿಟ್ಟಳು, ಆರನೇ ಕ್ಲಾಸು ಓದಿದವಳು, ಅವಳಿಗೆ ಅರ್ಧ ಗಂಟೆ ಪಾಠ, ಗ್ಯಾಸಿಗೆ ಕಂಪನಿಯವರು ವಾಸನೆ ಬೆರೆಸಿರುತ್ತಾರೆ, ಸೋರಿದರೆ ಮೂಗಿಗೆ ಗೊತ್ತಾಗುತ್ತೆ, ನಿನ್ನ ಮಗ ಇಂಜಿನಿಯರು ಕಣಮ್ಮ, ಅವಳು ತಲೆಯಾಡಿಸಿದಳು, ಆ ತಲೆಯಾಡಿಸಿದ್ದೂ ನೋವಿನಲ್ಲೇ ಇರಬೇಕು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಕೋವಿಡ್ ಕಾಲದಲ್ಲಿ ಕೊಂಡ, ಬೆರಳಿನಲ್ಲಿ ಆಮ್ಲಜನಕ ಅಳೆಯುವ ಯಂತ್ರ ತಂದು ಸಿಕ್ಕಿಸಿದ, ನೋಡು ತೊಂಬತ್ತೆಂಟು, ನನಗಿಂತ ಚೆನ್ನಾಗಿದ್ದೀಯ, ಎಂದು ಹಂಸಾಳಿಗೂ ತೋರಿಸಿದ — ಆ ಯಂತ್ರಕ್ಕೆ ಈ ವಿಷಕ್ಕೂ ಆಮ್ಲಜನಕಕ್ಕೂ ವ್ಯತ್ಯಾಸ ತಿಳಿಯುವುದಿಲ್ಲವಂತೆ, ಎರಡನ್ನೂ ತೊಂಬತ್ತೆಂಟು ಎನ್ನುತ್ತದಂತೆ, ಈಗ ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ನಿಂತು ಫೋನಿನಲ್ಲಿ ಓದುತ್ತಿದ್ದಾನೆ, ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮತ್ತೆ ಆಗಾಗ ಕರೆದುಕೊಂಡು ಹೋಗುತ್ತಿದ್ದ ಆ ದೇವಸ್ಥಾನ, ಕಾರು ಹತ್ತಿ ರೂಟ್ ಹದಿನೆಂಟರ ಹೆದ್ದಾರಿಗೆ ಬರುವಷ್ಟರಲ್ಲಿ ಅಮ್ಮನ ಮುಖ ತಿಳಿಯಾಗುತ್ತಿತ್ತು, ಪುಳಿಯೋಗರೆ ಎರಡು ಸಲ ಹಾಕಿಸಿಕೊಳ್ಳುತ್ತಿದ್ದಳು, ಅಲ್ಲಿ ಇಲ್ಲದ ನೋವು ಮನೆಗೆ ಬಂದ ಎರಡು ಗಂಟೆಯೊಳಗೆ ಹಾಜರು, ಅತ್ತೆಗೆ ತಿರುಗಾಟ ಬೇಕು ಅಷ್ಟೇ ಎಂದಳು ಹಂಸಾ, ನಗುತ್ತಲೇ ಅಂದಳು, ಇವನೂ ನಕ್ಕ. ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ ಹಂಸಾಳ ಗೆಳತಿ ಸಿಂಧು ಇದ್ದಾಳಲ್ಲ, ಅವಳ ಮನೆಯಲ್ಲಿ ಎರಡು ರಾತ್ರಿ ಬಿಟ್ಟು ಬಂದರೆ ಮಗುವಿನ ಹಾಗೆ ಮಲಗಿದ್ದಳಂತೆ, ಮೂರು ಚಪಾತಿ ತಿಂದಳಂತೆ, ಸಿಂಧು ಅದನ್ನು ಖುಷಿಯಿಂದ ಹೇಳಿದ್ದೇ ಬಂತು, ಆಮೇಲೆ ಹಂಸಾ ನಗಲಿಲ್ಲ. ಸಿಂಧು ಮನೇಲಿ ಬರದೇ ಇರೋ ತಲೆನೋವು ನಮ್ಮನೇಲೇ ಯಾಕ್ ಬರುತ್ತೆ, ಹೇಳಿ ನೋಡೋಣ. ಉತ್ತರ ಅವನ ಕಾಲಡಿಯಲ್ಲೇ ಉರಿಯುತ್ತಿತ್ತು, ಅವನು ಹೋಗಿ ಅಮ್ಮನನ್ನು ಕೇಳಿದ, ಅಮ್ಮ, ಹಂಸಾ ಮೇಲೆ ನಿನಗೇನು ಸಿಟ್ಟು.

ಅಲಾರ್ಮ್ ಎಲ್ಲಿ ಸರ್, ಮನೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್ ಇರಬೇಕಲ್ಲ, ಎಂದು ನೀಲಿ ಬೂಟಿನವನು ಮೇಲೆ ಬಂದು ಚಾವಣಿ ನೋಡುತ್ತಾನೆ, ಬ್ಯಾಟರಿ ಹಾಕಬೇಕಿತ್ತು, ಇಳಿಸಿದ್ದೇನೆ, ಎನ್ನುತ್ತಾನೆ ಜಗದೀಶ, ಇಳಿಸಿದ್ದು ಗೃಹಪ್ರವೇಶದ ಗಣಹೋಮಕ್ಕೆ, ಹೊಗೆಗೂ ಅದೇ ಅಲಾರ್ಮ್ ಈ ವಿಷಕ್ಕೂ ಅದೇ, ಪೂರ್ಣಾಹುತಿಯ ಹೊತ್ತಿಗೆ ಕಿರುಚಿಕೊಳ್ಳಬಾರದಲ್ಲ, ಮತ್ತೆ ಹಾಕಿದರೆ ಮೆಣಸಿನಕಾಯಿ ಒಗ್ಗರಣೆಗೆಲ್ಲ ಕೂಗುತ್ತೆ ಎಂದು ಡ್ರಾಯರಿನಲ್ಲಿ ಬಿದ್ದಿದೆ, ಮೂರು ವರ್ಷ, ಮೂರು ಚಳಿಗಾಲ. ಆತ ಬೈಯುವುದಿಲ್ಲ, ಬೈದಿದ್ದರೆ ಆಗುತ್ತಿತ್ತು, ಅಮ್ಮನ ಕೋಣೆಗೆ ಹೋಗಿ ಗಾಳಿ ಬರುವ ಜಾಲರಿಯ ಹತ್ತಿರ ಮೀಟರ್ ಹಿಡಿದು ಬಂದ ಅಂಕಿಯನ್ನು ಚೀಟಿಯಲ್ಲಿ ಬರೆಯುತ್ತಾನೆ, ಬರೆಯುತ್ತ, ಈ ಕಿಟಕಿಗೆ ಯಾಕೆ ಕೋಲು ಕೊಟ್ಟಿದ್ದೀರಿ, ಕಳ್ಳರ ಭಯವೇ — ಕಿಟಕಿ, ಬೇಡ, ಕಿಟಕಿ ಬೇಡ, ಚೀಟಿಗೆ ಎಲ್ಲಿ ಸಹಿ ಹಾಕಬೇಕು ಹೇಳಿ. ಹೊರಗೆ ಹಿಮ ಬಿದ್ದಿದ್ದರೂ ಅಮ್ಮ ಆ ಕಿಟಕಿಯನ್ನು ಎರಡು ಬೆರಳಷ್ಟು ಎತ್ತಿ ಶಾಲು ಹೊದ್ದು ಅದರ ಪಕ್ಕ ಕೂರುತ್ತಿದ್ದಳು, ಹೀಗೆ ಕೂತರೆ ಹಗುರ ಆಗುತ್ತೆ ಕಣಪ್ಪ, ಅವನು ಆಫೀಸಿಗೆ ಹೊರಡುವಾಗೊಮ್ಮೆ ಬಂದಾಗೊಮ್ಮೆ ಮುಚ್ಚುತ್ತಿದ್ದ, ಬೀದಿಗೆಲ್ಲ ಹೀಟಿಂಗ್ ಕೊಡ್ತಿದೀಯಾ ಅಮ್ಮ, ಮತ್ತೆ ತೆರೆದಿರುತ್ತಿತ್ತು, ಕೊನೆಗೊಂದು ಭಾನುವಾರ ಹಳೇ ಮಾಪಿನ ಹಿಡಿಯನ್ನು ಅಳತೆಗೆ ಕತ್ತರಿಸಿ ಕಿಟಕಿ ಮೇಲೇಳದ ಹಾಗೆ ಅಡ್ಡ ಕೊಟ್ಟ. ಅಳತೆ ಎಷ್ಟು ಸರಿಯಾಗಿತ್ತೆಂದರೆ ಒಂದು ನೂಲಿನಷ್ಟೂ ಅಲ್ಲಾಡುತ್ತಿರಲಿಲ್ಲ.

ಗ್ಯಾಸ್ ಬಂದ್ ಮಾಡಿ ಫರ್ನೇಸಿಗೆ ಉರಿಸಬಾರದೆಂಬ ಕೆಂಪು ಚೀಟಿ ಕಟ್ಟಿ ಆತ ಹೋದ, ಹೋಗುವಾಗ, ನಿಮ್ಮ ಅದೃಷ್ಟ ಸರ್, ಎಂದ, ಹಂಸಾ ಆಫೀಸಿನಿಂದ ಏನಾಯ್ತು ಎಂದು ಮೆಸೇಜ್ ಮಾಡಿದ್ದಾಳೆ, ಪಾರ್ಟ್ ಹೋಗಿದೆ ಎಂದು ಬರೆದ, ಅಷ್ಟೇ ಬರೆದ, ಸ್ವೆಟರಿನ ಮೇಲೆ ಜಾಕೆಟ್ ಹಾಕಿಕೊಂಡು ಕೂತಿದ್ದಾನೆ, ಫೋನು ಹೊಡೆದುಕೊಳ್ಳುತ್ತದೆ, ಅಮ್ಮ, ಮೈಸೂರಿನಲ್ಲಿ ತಂಗಿ ರಾಜಿಯ ಮನೆಯಿಂದ, ಮಲಗುವ ಮುಂಚೆ ದಿನಾ ಮಾಡುವ ಫೋನು. ಹೇಳಬೇಕು, ಈಗಲೇ ಹೇಳಬೇಕು, ನೀನು ಹೇಳಿದ್ದೇ ನಿಜ ಅಮ್ಮ, ಒಂದೇ ವಾಕ್ಯ. ಊಟ ಆಯ್ತಾ ಎಂದು ಕೇಳಿ ಅವಳೇ ಮುಂದುವರಿಸುತ್ತಾಳೆ, ಇಲ್ಲಿಗೆ ಬಂದ್ ಮೇಲೆ ಒಂದಿನಾನೂ ತಲೆನೋವು ಬಂದಿಲ್ಲ ಕಣಪ್ಪ, ನಂಗೇ ನಾಚ್ಕೆ ಆಗುತ್ತೆ, ನೀವಂದಿದ್ದೇ ದಿಟ, ಸುಮ್‌ಸುಮ್ನೆ ಮನಸ್ಸಿಗೆ ಹಚ್ಕೊಂಡು ಹಂಸಾನ ನೋಯಿಸ್ಬುಟ್ಟೆ. ಕೇಳೋರ್ಗೆಲ್ಲ ನಾನೇ ನಾಟ್ಕ ಆಡಿ ಬಂದೆ ಅಂದಿದೀನಿ, ಮಗ ಕಳ್ಸ್‌ಬುಟ್ಟ ಅಂತ ಯಾರೂ ಅನ್ಬಾರ್ದು ನೋಡು. ಅಮ್ಮಾ, ಎಂದ. ಏನಪ್ಪಾ. ಹೇಳಿದರೆ ರಾಜಿಗೆ ಗೊತ್ತಾಗುತ್ತದೆ, ಹಂಸಾಳಿಗೆ, ಊರಿಗೆ, ಇಂಜಿನಿಯರ್ ಮಗ ತಾಯಿಗೆ ವಿಷ ಉಣಿಸಿದ, ಇಲ್ಲ ಏನಿಲ್ಲ, ಫರ್ನೇಸ್ ಸ್ವಲ್ಪ ಕೆಟ್ಟಿತ್ತು, ರಿಪೇರಿ ಆಯ್ತು, ಎಂದ. ಮನೆ ಬೆಚ್ಚಗಿದ್ಯಾ. ಬೆಚ್ಚಗಿದೆ ಅಮ್ಮ. ಫೋನು ಇಟ್ಟ ಮೇಲೂ ಅದೇ ಕುರ್ಚಿ, ಬೇಸ್‌ಮೆಂಟಿನಲ್ಲಿ ಸದ್ದಿಲ್ಲ, ಹಂಸಾಳಿಗೆ ಏನು ಹೇಳುವುದು, ನಾಳೆ ಹೊಸ ಫರ್ನೇಸಿನವರು — ಕಣ್ಣ ಮುಂದೆ ಎರಡು ಬೆರಳಷ್ಟು ತೆರೆದ ಕಿಟಕಿ, ನಾಳೆ ಯಾರನ್ನು ಕರೆಸುವುದು, ಎರಡು ಬೆರಳಷ್ಟು ತೆರೆದ ಕಿಟಕಿ, ಅದಕ್ಕೆ ಮೂಗು ಒಡ್ಡಿ ಕೂತ ಅಮ್ಮ, ಅವಳು ತಿರುಗಿ ನೋಡುತ್ತಾಳೆ, ಪಕ್ಕಕ್ಕೆ ಸರಿದು ಜಾಗ ಬಿಡುತ್ತಾಳೆ, ಅವನ ಕೈ ಕಿಟಕಿಯನ್ನು ಕೆಳಕ್ಕೆ ಒತ್ತುತ್ತದೆ, ಕೆಳಕ್ಕೆ ಒತ್ತುತ್ತದೆ —