ಎಡಬಾಗಿಲು

ಐರ್ಲೆಂಡಿನ ಮೇಯೋ ಸೀಮೆಯಲ್ಲಿ ಬಾಡಿಗೆ ಕಾರು ಕೊಡುವ ಬ್ರೀಡಾ ಹನ್ನೊಂದು ವರ್ಷದಿಂದ ಪ್ರವಾಸಿಗರಿಗೆ ಒಂದೇ ಮಂತ್ರ ಜಪಿಸುತ್ತಿದ್ದಳು. ಎಡಕ್ಕೇ ಇರಿ. ಓಡಿಸುವವರ ಮೈ ಸದಾ ರಸ್ತೆಯ ನಡುವಿಗಿರಲಿ. ಕಿರುದಾರಿಯಲ್ಲಿ ಎದುರು ಗಾಡಿ ಬಂದರೆ ಬೇಲಿಯ ಸಂದಿಗೆ ಸರಿಯಿರಿ, ದಾಟುವಾಗ ನಮಸ್ಕಾರದ ಗುರುತಿಗೆ ಒಂದು ಬೆರಳೆತ್ತಿ. ಬೆರಳೆತ್ತದವನನ್ನು ಆ ಕಡೆ ಯಾರೂ ಮನುಷ್ಯನ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಮೆರಿಕದವರಿಗೆ ಇನ್ನೊಂದು ಮಾತು ಹೆಚ್ಚಿಗೆ: ಸ್ಟೇರಿಂಗ್ ಬಲಕ್ಕಿದೆ, ನಿಮ್ಮೂರಿನಂತೆ ಎಡಕ್ಕಲ್ಲ. ಅಷ್ಟು ಹೇಳಿದರೂ ಹತ್ತರಲ್ಲಿ ಒಂಬತ್ತು ಮಂದಿ ಎಡಬಾಗಿಲಿಗೇ ಹೋಗಿ ಪೆಚ್ಚಾಗುತ್ತಿದ್ದರು.

ಆ ಬೆಳಿಗ್ಗೆ ಅಮೆರಿಕದ ನೆಬ್ರಾಸ್ಕದಿಂದ ಬಂದ ಎಲ್ವುಡ್ ರುಜು ಹಾಕುವಾಗ ಅವನ ಪೆನ್ನು ಗೆರೆ ಬಿಟ್ಟು ಎರಡು ಬೆರಳು ಕೆಳಗೆ ಹೋಯಿತು. ಬ್ರೀಡಾ ನೋಡಿಯೂ ನೋಡದಂತಿದ್ದಳು. ಅವನು ಕೈ ತೊಳೆಯಲು ಹೋದದ್ದೇ ತಡ, ಹೆಂಡತಿ ಲೋರೀನ್ ಮೇಜಿಗೆ ಬಾಗಿದಳು.

"ಅವರಿಗೆ ಕಣ್ಣು ಸರಿಯಾಗಿ ಕಾಣ್ಸಲ್ಲಮ್ಮ. ನಲವತ್ತೊಂದು ವರ್ಷ ನನ್ನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಓಡ್ಸಿದಾರೆ. ಸಾಕು ಬಿಡಿ ಅನ್ನೋಕೆ ನನಗೆ ಬಾಯೇ ಬರ್ತಿಲ್ಲ."

ಬ್ರೀಡಾ ಅವಳ ಹೆಸರನ್ನೂ ಚಾಲಕಿಯೆಂದು ಬರೆದುಕೊಂಡಳು. ಆದರೆ ಬರೆದ ಮಾತ್ರಕ್ಕೆ ಮುದುಕ ಬಿಟ್ಟುಕೊಡುತ್ತಾನೆಯೇ? ಮುಖಕ್ಕೆ ಹೊಡೆದಂತೆ ಇಲ್ಲವೆಂದರೆ ಅವನ ಮನಸ್ಸು ಮುರಿಯುತ್ತದೆ. ಕೀಲಿ ಕೊಟ್ಟರೆ ಇಬ್ಬರ ಪ್ರಾಣಕ್ಕೇ ಕುತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಅವನು ಮರಳಿದಾಗ ಬ್ರೀಡಾ ಮಂತ್ರವನ್ನೆಲ್ಲ ಹೇಳಿದಳು, ಕೊನೆಯ ಮಾತೊಂದನ್ನು ಬಿಟ್ಟು. ಕೀಲಿಯನ್ನು ತನ್ನ ಕೈಯಲ್ಲೇ ಇಟ್ಟುಕೊಂಡು ಅವರನ್ನು ಅಂಗಳಕ್ಕೆ ಕರೆದೊಯ್ದಳು.

ನಲವತ್ತೊಂದು ವರ್ಷದ ರೂಢಿ. ಎಲ್ವುಡ್ ನೆಟ್ಟಗೆ ಎಡಬಾಗಿಲಿಗೆ ಹೋದ, ಲೋರೀನ್ ಬಲಬಾಗಿಲಿಗೆ. ಕೂತವನು ಕೈ ಚಾಚಿದ. ಸ್ಟೇರಿಂಗ್ ಸಿಗಲಿಲ್ಲ. ಅದು ಹೆಂಡತಿಯ ಎದೆಯ ಮುಂದಿತ್ತು, ಅವಳು ಅದನ್ನು ಮುಟ್ಟದೆ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಹಾಳಾದವಳು ನಾನು, ಎಂಥಾ ಮೋಸ ಮಾಡಿದೆ ಎಂದು ಬ್ರೀಡಾಳಿಗೆ ಅಳುವೇ ಬಂತು.

ಎಲ್ವುಡ್ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡ. ಆಮೇಲೆ ತಡವರಿಸಿ ಸೀಟಿನ ಪಟ್ಟಿ ಎಳೆದು ಬಿಗಿದುಕೊಂಡ.

"ಕನ್ನಡಿ ಸರಿ ಮಾಡ್ಕೋ ಲೋರೀನ್," ಎಂದ. "ನಿನ್ನ ಮೈ ರಸ್ತೆ ನಡುವಿಗಿರ್ಬೇಕು. ಆ ಹುಡುಗಿ ಹೇಳಿದ್ದು ಕೇಳಿಸ್ಕೊಂಡೆ ತಾನೇ?"

ಬ್ರೀಡಾ ಕೀಲಿಯನ್ನು ಬಲಗಡೆಯ ಕಿಟಕಿಯಿಂದ ಕೊಟ್ಟಳು.

ಮೂರನೆಯ ದಿನ ಸಂಜೆ ಅವಳು ತನ್ನ ಗಾಡಿಯಲ್ಲಿ ಮನೆಗೆ ಹೋಗುವಾಗ ಬೇಲಿಗಳ ನಡುವಿನ ಕಿರುದಾರಿಯಲ್ಲಿ ಅವರಿಗೆ ಕೊಟ್ಟ ಕೆಂಪು ಕಾರು ಎದುರಾಯಿತು. ಆಮೆಯಂತೆ ತೆವಳಿ ಸಂದಿಗೆ ಸರಿದು ನಿಂತಿತು. ಬ್ರೀಡಾ ಬೆರಳೆತ್ತಿದಳು. ಲೋರೀನಳ ಎರಡು ಕೈಗಳೂ ಸ್ಟೇರಿಂಗನ್ನು ಅವಚಿ ಹಿಡಿದಿದ್ದವು, ಒಂದು ಬೆರಳನ್ನೂ ಬಿಡಿಸುವ ಧೈರ್ಯ ಅವಳಿಗಿರಲಿಲ್ಲ. ಅವಳ ತುಟಿ ಮಾತ್ರ ಅಲುಗಿತು. ಅದನ್ನು ಕೇಳಿ ಪಕ್ಕದಲ್ಲಿದ್ದ ಎಲ್ವುಡ್ ಗಂಭೀರವಾಗಿ ಒಂದು ಬೆರಳೆತ್ತಿದ, ಬ್ರೀಡಾ ಇದ್ದ ಕಡೆಗಲ್ಲ, ಬೇಲಿಯ ಕಡೆಗೆ.

ಬ್ರೀಡಾ ಇನ್ನೊಮ್ಮೆ ಬೆರಳೆತ್ತಿ ಮುಂದೆ ಹೋದಳು.